ಕಾಕಾನ ತಾಟು ಪಂಕ್ತಿಗೆ ಬಂದದ್ದು

ಬೈಲಹೊಂಗಲದ ಡಾಕ್ಟರು ಹಲವು ತಿಂಗಳು ನಮ್ಮ ಕಾಕಾನಿಗೆ ಕ್ಷಯದ ಸೂಜಿ ಚುಚ್ಚಿದರು. ಅಷ್ಟೂ ದಿನ ಸಂಗೊಳ್ಳಿಯ ನಮ್ಮ ಮನೆಯಲ್ಲಿ ಅವನ ತಾಟು, ತಂಬಿಗೆ ಬೇರೆ. ಊಟ ಹೊರಗಿನ ಕಟ್ಟೆಯ ಮೇಲೆ ಒಬ್ಬನೇ. ಆಮೇಲೆ ಕುತ್ತಿಗೆಯಲ್ಲಿ ಗಂಟು ಎದ್ದಿತು. ಬೆಳಗಾವಿಯಲ್ಲಿ ಅದರ ಚೂರು ತೆಗೆದು ನೋಡಿದಾಗ ಅದು ಕ್ಷಯವೇ ಅಲ್ಲ, ಶ್ವಾಸಕೋಶದ ಉಗ್ರ ಕ್ಯಾನ್ಸರ್ ಎಂದು ತಿಳಿಯಿತು. ಬದುಕುವ ಆಸೆಯನ್ನು ಕಾಕಾ ಅಂದೇ ಬಿಟ್ಟ. ಎಲ್ಲರೊಡನೆ ಪಂಕ್ತಿಯಲ್ಲಿ ಕೂತು ಉಣ್ಣುವ ಆಸೆಯೊಂದು ಉಳಿಯಿತು. ಈ ರೋಗ ಅಂಟುವುದಿಲ್ಲವಲ್ಲ!

ಧಾರವಾಡದಲ್ಲಿ ಜೀವಶಾಸ್ತ್ರ ಓದಿದ್ದ ನಾನು ಮನೆಮಂದಿಗೆ ವಿವರಿಸಲು ಹೊರಟೆ: ಗಡ್ಡೆಯಿಂದ ಕಳಚಿದ ಜೀವಕೋಶಗಳು ರಕ್ತದಲ್ಲಿ ಸುತ್ತುತ್ತ ಎಲುಬಿನಲ್ಲೋ ಮಿದುಳಿನಲ್ಲೋ ಬೇರೂರುತ್ತವೆ; ಆದರೆ ಇನ್ನೊಬ್ಬರ ಮೈಗೆ ದಾಟುವುದಿಲ್ಲ. ಅವರ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ.

“ಮೈಯಾಗ ಒಂದ ಕಡೆ ಕುಂದ್ರಲಾರದ್ದು ಪಂಕ್ತಿಯಾಗ ಸುಮ್ಮನ ಕುಂದ್ರತೈತೇನು?” ಎಂದಳು ದೊಡ್ಡವ್ವ.

ಹಾವು ಕಡಿದಾಗ ವಿಷ ಏರದಂತೆ ಬಿಗಿಯುವುದಿಲ್ಲವೇ? ಹಾಗೇ ಈ ರೋಗವೂ ಮೈಯಲ್ಲಿ ಸುತ್ತದಿರಲೆಂದು ಅಜ್ಜಿ ಹಗ್ಗವನ್ನೇ ತಂದಳು. “ಎಲ್ಲಿ ಕಟ್ಟೂಣೋ ತಮ್ಮಾ, ಎದಿ ಮ್ಯಾಲೋ ಕೆಳಗೋ?” ಎಂದು ನನ್ನನ್ನು ಕೇಳಿದಳು.

“ಕುತ್ತಿಗಿಗೇ ಕಟ್ಟವ್ವಾ,” ಎಂದ ಕಾಕಾ. “ರೋಗೂ ನಿಲ್ಲತೈತಿ, ನಾನೂ ನಿಲ್ಲತೇನಿ.”

ನನಗೆ ರೇಗಿತು. ರೋಗಕ್ಕೆ ತಪ್ಪು ಹೆಸರಿಟ್ಟವರೇ ಬಂದು ಅದನ್ನು ಅಳಿಸಬೇಕು. ಬೈಲಹೊಂಗಲದ ಡಾಕ್ಟರನ್ನು ಊಟಕ್ಕೆ ಕರೆತಂದೆ.

“ಆವಾಗ ಕ್ಷಯ ಇದ್ದಂಗ ಇತ್ತರಿ, ಈಗ ಇಲ್ಲ,” ಎಂದರು ಅವರು, ರೋಗವೇ ಮಾತಿಗೆ ತಪ್ಪಿದೆಯೆಂಬಂತೆ. “ಇದು ಅಂಟೂದಲ್ಲ. ಯಾರೂ ಅಂಜಬ್ಯಾಡ್ರಿ.”

ಕಾಕಾ ತನ್ನ ತಾಟು ತಂದು ಅವರ ಪಕ್ಕದಲ್ಲಿ ಕೂತು ಕೆಮ್ಮಿದ. ಅಂಜಬೇಡಿರೆಂದು ಇನ್ನೂ ಹೇಳುತ್ತಲೇ ಡಾಕ್ಟರು ತಮ್ಮ ತಾಟನ್ನು ಗೇಣುದ್ದ ಆಚೆ ಸರಿಸಿದರು. ಅವರಾಚೆಗಿದ್ದ ದೊಡ್ಡಪ್ಪ ಒಂದು ಮೊಳ ಸರಿದ. ದೊಡ್ಡಪ್ಪನ ಮಕ್ಕಳು ಇನ್ನೂ ದೂರ ಸರಿದರು.

“ಯಾಕ ಸರದ್ರಿ ಡಾಕ್ಟರ್ ಸಾಹೇಬ್ರ?” ಎಂದು ಕೇಳಿದೆ.

“ಈ ಕಡೆ ಗಾಳಿ ಛಲೋ ಐತ್ರಿ.”

ಆ ಕಡೆ ಕಿಟಕಿಯೇ ಇರಲಿಲ್ಲ.

“ಹೌದೇನ್ರಿ? ಹಂಗಾರ ನನಗೂ ಬೇಕು,” ಎಂದು ಕಾಕಾ ತಾಟೆತ್ತಿಕೊಂಡು ಅವರತ್ತ ಜರುಗಿದ. ಡಾಕ್ಟರು ಜರುಗಿದರು. ಪಂಕ್ತಿಯೆಲ್ಲ ಜರುಗಿತು. ಯಾರೂ ತುತ್ತೆತ್ತದೆ, ಸಾರು ಚೆಲ್ಲದಂತೆ ತಾಟು ಹಿಡಿದು, ಕೂತಲ್ಲೇ ಪಯಣಿಸಿದರು. ಕೊನೆಗೆ ದೊಡ್ಡಪ್ಪನ ಕಿರಿಯ ಮಗನ ಭುಜ ಗೋಡೆಗೆ ತಾಗಿತು.

ಕಾಕಾ ಡಾಕ್ಟರ ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತ. “ಈಗ ಉಣ್ರಿ ಸಾಹೇಬ್ರ, ಮಂದಿ ನಿಮ್ಮನ್ನ ನೋಡಾಕ ಹತ್ಯಾರ.”

ಡಾಕ್ಟರು ಉಂಡರು. ಅವರು ಉಂಡರೆಂದು ಉಳಿದವರೂ ಉಂಡರು.