ಮಡೆಪ್ಪ ಕುಂತ ಕುರ್ಚಿ

ಮಡೆಪ್ಪನ ನಡಿಗೆಯ ಬಗ್ಗೆ ನಾನು ಹೇಳುವುದನ್ನು ನನ್ನ ಮೊಮ್ಮಕ್ಕಳು ಅರ್ಧಕ್ಕರ್ಧ ಕಳೆದು ನಂಬುತ್ತಾರೆ. ನೀವೂ ಹಾಗೆಯೇ ಮಾಡಿ, ನನಗೇನೂ ಬೇಸರವಿಲ್ಲ. ಒಂದು ಸಲ ಅವನ ಟಗರು ಕಮಲನಗರ ದಾಟಿ ಮಹಾರಾಷ್ಟ್ರದೊಳಗೆ ಹೊಕ್ಕಿತು. ಮಡೆಪ್ಪ ಅದರ ಹಿಂದೆಯೇ ಹೋದ. ಅದನ್ನು ಹೆಗಲ ಮೇಲೆ ಹಾಕಿಕೊಂಡು ತಿರುಗಿ ಬಂದಾಗ ಅವನ ಹೆಂಡತಿ ಸಖುಬಾಯಿ ಹಂಚಿನ ಮೇಲೆ ಹಾಕಿದ್ದ ರೊಟ್ಟಿ ಇನ್ನೂ ಒಂದು ಮಗ್ಗುಲೇ ಬೆಂದಿತ್ತು. ಟಗರು ಮಾತ್ರ ಅಷ್ಟರಲ್ಲಿ ಮರಾಠಿ ಕಲಿತಿತ್ತು. ಕನ್ನಡದಲ್ಲಿ ಕರೆದರೆ ತಿರುಗಿ ಸಹ ನೋಡುತ್ತಿರಲಿಲ್ಲ.

ಸುಳ್ಳು ಇಷ್ಟು ಸಾಕು. ಔರಾದ ತಾಲ್ಲೂಕಿನ ನಮ್ಮೂರ ಗುಡ್ಡದಲ್ಲಿ ನಾವಿಬ್ಬರೂ ಜೊತೆಯಲ್ಲೇ ಕುರಿ ಕಾಯ್ದವರು. ನಲವತ್ತು ವರ್ಷ ಹಗಲು ಹೊತ್ತಿನಲ್ಲಿ ಅವನು ನೆಲಕ್ಕೆ ಕೂತದ್ದನ್ನು ನಾನು ಕಂಡಿಲ್ಲ. ಕುರಿ ಕಾಯುವವನು ಕೂತರೆ ಹಿಂಡು ಚದುರುತ್ತದೆ. ನಿಂತವನು ಕಣ್ಣಿಗೆ ಕಾಣುತ್ತಿದ್ದರೆ ಕುರಿಗೂ ಒಂದು ಧೈರ್ಯ. ಮಡೆಪ್ಪ ಬಡಿಗೆಯನ್ನು ಕಂಕುಳಿಗೆ ಆನಿಸಿ, ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಹಚ್ಚಿ ಕೊಕ್ಕರೆಯ ಹಾಗೆ ನಿಲ್ಲುತ್ತಿದ್ದ. ಹಾಗೆಯೇ ರೊಟ್ಟಿ ತಿನ್ನುತ್ತಿದ್ದ, ಹಾಗೆಯೇ ತೂಕಡಿಸುತ್ತಿದ್ದ. ಅವನ ತಲೆಯ ಮೇಲೆ ಕಾಗೆ ಗೂಡು ಕಟ್ಟಿದ ಕತೆಯೂ ಇದೆ, ಅದು ಈಗ ಬೇಡ.

ಇಷ್ಟು ಗಟ್ಟಿ ಕಾಲಿನ ಮನುಷ್ಯನಿಗೆ ಇದ್ದದ್ದು ಒಂದೇ ಆಸೆ, ಕೂರುವುದು. ಭಾಲ್ಕಿ ಸಂತೆಯಲ್ಲಿ ಒಬ್ಬ ಕುರಿ ದಲಾಲ ಇದ್ದ. ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತರೆ ಸಂಜೆಯವರೆಗೂ ಏಳುತ್ತಿರಲಿಲ್ಲ. ಕುರಿಗಳೇ ಅವನ ಮುಂದೆ ಬರಬೇಕು, ನಾವು ಬಿಸಿಲಿನಲ್ಲಿ ನಿಲ್ಲಬೇಕು. ಸಂತೆ ಮುಗಿಸಿ ಬರುವ ದಾರಿಯಲ್ಲಿ ಮಡೆಪ್ಪ ಪ್ರತಿ ಸಲ ಅದನ್ನೇ ಹೇಳುತ್ತಿದ್ದ.

"ನೋಡ್ತಿರು, ಒಂದಿನ ನಾನೂ ಹಂಗ ಕೂಡ್ತೇನಿ. ಮಂದಿ ನನ್ನ ಮುಂದ ನಿಂದ್ರಬೇಕು."

"ಕೂಡಾಕೇನಲೇ, ಈಗ ಕೂಡು. ಇಲ್ಲೇ ಕಲ್ಲು ಅದ ಅಲ್ಲ."

"ಕಲ್ಲಿನ ಮ್ಯಾಲ ಕುಂತರ ಕುಂತಂಗ ಅಲ್ಲೋ ಖೋಡಿ."

ಅವನ ಮಗ ಅನೀಲಕುಮಾರ ಓದಿ, ಬೀದರಿನಲ್ಲಿ ನೌಕರಿ ಹಿಡಿದು, ಊರ ಅಂಚಿನ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದ. ಅಪ್ಪ ಅವ್ವನನ್ನು ಕರೆದೊಯ್ದ. ಕುರಿ ಮಾರಾಟವಾದವು. ಬಡಿಗೆ ಊರಲ್ಲೇ, ಸೂರಿನ ಸಂದಿಯಲ್ಲಿ ಉಳಿಯಿತು. ಮನೆಯ ವರಾಂಡದಲ್ಲಿ, ರಸ್ತೆಗೆ ಮುಖ ಮಾಡಿ, ಅಗಲವಾದ ಕೈಗಳಿದ್ದ ಸಾಗವಾನಿ ಕುರ್ಚಿಯೊಂದು ಬಂತು.

"ಅಪ್ಪಾ, ನೀ ನಡದದ್ದು ಸಾಕು," ಅಂದ ಅನೀಲಕುಮಾರ. "ಇನ್ನ ನೀ ಒಂದು ಚರಿಗಿ ನೀರಿಗಿ ಎದ್ದರೂ ನನಗ ಅವಮಾನ."

ಸಖುಬಾಯಿ ಒಬ್ಬಳಿಗೇ ಆ ಕುರ್ಚಿ ಸೇರಲಿಲ್ಲ. "ನಮ್ಮ ಮನ್ಯಾಗ ಕುರ್ಚಿ ತಂದಿದ್ದು ಒಮ್ಮೆನೇ ರೀ. ಅತ್ತಿ ಹೋದಾಗ, ಸಾಲಿ ಮಾಸ್ತರರಿಗಿ ಕೇಳಿ ತಂದಿದ್ದೆವು," ಅಂದಳು. ನಮ್ಮ ಮಂದಿ ಸತ್ತವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಕುರ್ಚಿಯಲ್ಲಿ ಕೂರಿಸಿ, ಬೀಳದಂತೆ ಎದೆಗೆ ಬಟ್ಟೆ ಕಟ್ಟುತ್ತೇವೆ. ಮಣ್ಣು ಕೊಡುವುದೂ ಕೂರಿಸಿಯೇ. ಅವಳ ಮಾತಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ವರ್ಷ ಕಳೆದು ನಾನು ನೋಡಲು ಹೋದಾಗ ಮಡೆಪ್ಪ ಕುರ್ಚಿ ತುಂಬಿಕೊಂಡು ಕೂತಿದ್ದ. ಅವನೆಲ್ಲಿ ಮುಗಿಯುತ್ತಾನೆ, ಕುರ್ಚಿ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುತ್ತಿರಲಿಲ್ಲ.

"ನಿಂದ್ರು ಮಗನ, ನನ್ನ ಮುಂದ ಜರಾ ನಿಂದ್ರು. ನೋಡಿ ಖುಷಿ ಪಡ್ತೇನಿ," ಅಂದ. ನಾನು ಕೈಕಟ್ಟಿ ನಿಂತೆ. ಅವನು ದಲಾಲನ ಹಾಗೆ ಗದ್ದ ಎತ್ತಿದ. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನನ್ನ ನಗು ನಿಂತ ಮೇಲೂ ಅವನ ಏದುಸಿರು ನಿಲ್ಲಲಿಲ್ಲ.

ಊಟ ಕುರ್ಚಿಗೆ ಬರುತ್ತಿತ್ತು. ಕೈ ತೊಳೆಯಲು ಬೋಗಾಣಿ ಕುರ್ಚಿಗೆ ಬರುತ್ತಿತ್ತು. ಟಿವಿಯನ್ನೂ ಕಿಟಕಿಯಿಂದ ಕಾಣುವಂತೆ ತಿರುಗಿಸಿದ್ದರು. ಸಖುಬಾಯಿ ಅವನ ಧೋತರ ಸರಿಸಿ ಮೀನಖಂಡದ ಮೇಲೆ ಹೆಬ್ಬೆರಳು ಒತ್ತಿ ತೋರಿಸಿದಳು. ಬೆರಳು ತೆಗೆದ ಮೇಲೂ ತಗ್ಗು ಹಾಗೆಯೇ ಉಳಿಯಿತು, ಹಸಿ ಮಣ್ಣಿನಲ್ಲಿ ಕುರಿಯ ಗೊರಸು ಮೂಡಿದಂತೆ.

"ನೋಡ್ರಿ ಅಣ್ಣಾ. ಹೇಳಿದರ ನನ್ನ ಮಾತು ಕೇಳವಲ್ಲರು."

"ಅದು ದಣಿವು," ಅಂದ ಮಡೆಪ್ಪ. "ನಲವತ್ತ ವರ್ಷ ನಡದದ್ದು ಈಗ ಕಾಲಿಗಿ ಇಳೀಲತ್ತದ. ಪೂರಾ ಇಳೀಲಿ, ಹಗುರ ಆಗ್ತೇನಿ."

ನನ್ನ ಒತ್ತಾಯಕ್ಕೆ ಅನೀಲಕುಮಾರ ಅವನನ್ನು ಡಾಕ್ಟರ್ ಬದ್ರೋದ್ದೀನರ ಬಳಿ ಕರೆದೊಯ್ದ, ನಾನೂ ಜೊತೆಗೆ ಹೋದೆ. ಸಕ್ಕರೆ ಕಾಯಿಲೆ ಬಂದಿತ್ತು, ಬಿಪಿ ಏರಿತ್ತು. ಡಾಕ್ಟರು ಗುಳಿಗೆ ಬರೆದುಕೊಟ್ಟು ಹೇಳಿದರು: "ಮಡೆಪ್ಪ ಸಾಬ್, ಕಾಲು ಆಡಿದರೇ ರಕ್ತ ಮ್ಯಾಲ ಏರ್ತದ್ರಿ. ನೀವು ಕುಂತರ ಅದೂ ಕಾಲಾಗೇ ಕುಂದರ್ತದ. ಗುಳಗಿ ಒಂದೇ ಸಾಲಂಗಿಲ್ಲ. ಅರ್ಧ ತಾಸಿಗೊಮ್ಮೆ ಏಳ್ರಿ, ಅಂಗಳದಾಗ ಅಡ್ಡಾಡ್ರಿ."

ಹೊರಗೆ ಬಂದು ಒಂದು ಕೈಯಿಂದ ಸೊಂಟ ಹಿಡಿದು ಆಟೋ ಹತ್ತುತ್ತ ಮಡೆಪ್ಪ ನನ್ನ ಕಿವಿಯಲ್ಲಿ ಅಂದ: "ನನಗ ಏಳು ಅಂತಾನಲ್ಲ, ಅವ ಎದ್ದನೇನು? ಕುಂತೇ ಹೇಳಿದ."

ಗುಳಿಗೆ ಹೊತ್ತಿಗೆ ಸರಿಯಾಗಿ ನಡೆದವು. ಮಡೆಪ್ಪ ನಡೆಯಲಿಲ್ಲ. ನೌಕರದಾರನ ಅಪ್ಪ ಓಣಿಯಲ್ಲಿ ಸುಮ್ಮನೆ ಅಡ್ಡಾಡಿದರೆ ಮಂದಿ ಏನೆಂದಾರು ಎಂಬ ಅಳುಕು ಮಗನಿಗೂ ಇತ್ತು. ಆದರೆ ಅನೀಲಕುಮಾರನ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ದಿನವಿಡೀ ಕಚೇರಿಯಲ್ಲಿ ಕೂತು ಬಂದವನು ಅಂಗಿ ಕಳಚಿ, ಅಪ್ಪನ ಮುಂದೆ ಮತ್ತೆ ನೆಲಕ್ಕೆ ಕೂತು, ಎಣ್ಣೆ ಹಚ್ಚಿ ಕಾಲು ತಿಕ್ಕುತ್ತಿದ್ದ. ಎಡಗಾಲು ಒಂದೇ ಬಲಗಾಲಿಗಿಂತ ದಪ್ಪವಾಗಿ, ಬಿಸಿಯಾಗಿ, ಕೆಂಪೇರಿ ನೋಯತೊಡಗಿದಾಗಲೂ ಡಾಕ್ಟರ ಬಳಿ ಹೋಗಲಿಲ್ಲ. ದಣಿವು ಹೊರಬೀಳುತ್ತಿದೆ ಎಂದು ಇನ್ನಷ್ಟು ಎಣ್ಣೆ ಹಾಕಿ, ಇನ್ನಷ್ಟು ಗಟ್ಟಿಯಾಗಿ ತಿಕ್ಕಿದ.

ಊರಿಗೆ ಮರಳಿದ್ದ ನನಗೆ ಇದೊಂದೂ ತಿಳಿದಿರಲಿಲ್ಲ. ಆ ವಾರವೇ ನಾನು ಔರಾದಿನಿಂದ ಬಸ್ಸು ಹತ್ತಿದೆ. ಸೂರಿನ ಸಂದಿಯಿಂದ ಅವನ ಬಡಿಗೆಯನ್ನೂ ಕಿತ್ತು ತಂದಿದ್ದೆ. ಕಂಡಕ್ಟರು ಅದಕ್ಕೂ ಟಿಕೆಟ್ ಹರಿಯಬೇಕೇ ಎಂದು ಕೇಳಿದ. ಅದೂ ಹಿರಿಯ ನಾಗರಿಕ, ಅರ್ಧ ಟಿಕೆಟ್ ಹರಿ ಎಂದೆ. ಬಡಿಗೆಯನ್ನು ಕುರ್ಚಿಯ ಪಕ್ಕದ ಗೋಡೆಗೆ ಆನಿಸಿಟ್ಟೆ. ಮಡೆಪ್ಪ ಅದನ್ನು ನೋಡಿದ, ಮುಟ್ಟಲಿಲ್ಲ.

"ಯಾಕ ತಂದಿ ಇದನ್ನ?"

"ನಿನಗಲ್ಲ. ನನ್ನ ಸೊಂಟಕ್ಕ."

ಚಹಾ ಮುಗಿದಿರಲಿಲ್ಲ, ರಸ್ತೆಯ ತಿರುವಿನಲ್ಲಿ ಗಂಟೆಯ ಸದ್ದಾಯಿತು. ಮಹಾರಾಷ್ಟ್ರದ ಕಡೆಯ ದೊಡ್ಡ ಹಿಂಡು ಹೊಸ ಸೈಟುಗಳ ನಡುವಿನ ಹುಲ್ಲು ಹುಡುಕಿಕೊಂಡು ಬರುತ್ತಿತ್ತು. ಮಡೆಪ್ಪನ ಕತ್ತು ನೆಟ್ಟಗಾಯಿತು. ಹಿಂಡು ಮನೆ ಮುಂದೆ ದಾಟಿತು, ಅದನ್ನು ಹೊಡೆಯುತ್ತಿದ್ದವನೂ ದಾಟಿದ. ಹಿಂದೆ ಒಂದು ಮರಿ ಮುಂಗಾಲು ಎತ್ತಿಕೊಂಡು ಕುಂಟುತ್ತ ಉಳಿದುಬಿಟ್ಟಿತು. ಆ ಕಡೆಯಿಂದ ಟಿಪ್ಪರೊಂದು ಬರುತ್ತಿತ್ತು.

"ಏ, ಮರಿ ಉಳೀತು! ಏ!" ಮಡೆಪ್ಪ ಕೂಗಿದ. ದನಿ ಗೇಟಿನವರೆಗೂ ಹೋಗಲಿಲ್ಲ.

ನಾನು ಚಹಾದ ಬಟ್ಟಲು ಕೆಳಗಿಡುವಷ್ಟರಲ್ಲಿ ಅವನು ಎದ್ದಿದ್ದ. ಬಡಿಗೆ ಅವನ ಕೈಯಲ್ಲಿತ್ತು. ಎಡಗಾಲು ಎಳೆಯುತ್ತ ಮೆಟ್ಟಿಲಿಳಿದು, ಗೇಟು ದೂಡಿ, ಬಡಿಗೆಯನ್ನು ಕಂಕುಳಿಗೆ ಆನಿಸಿ ನಿಂತ. ಪಾದ ಎತ್ತಿ ಮೊಣಕಾಲಿಗೆ ಹಚ್ಚಲು ನೋಡಿದ, ಆಗಲಿಲ್ಲ. ನಾಲಿಗೆಯನ್ನು ಅಂಗುಳಿಗೆ ಹಚ್ಚಿ ನಮ್ಮ ಗುಡ್ಡದ ಆ ಹಳೆಯ ಕೂಗು ಹಾಕಿದ. ಇಡೀ ಹಿಂಡು ತಲೆಯೆತ್ತಿ ತಿರುಗಿ ನಿಂತಿತು. ಇದನ್ನು ಅರ್ಧ ಕಳೆಯಬೇಡಿ, ಪೂರ್ತಿ ನಂಬಿ. ಹಿಂಡಿನವನು ಓಡಿಬಂದು, ಟಿಪ್ಪರು ಮುಟ್ಟುವ ಮೊದಲೇ ಮರಿಯನ್ನು ಎತ್ತಿಕೊಂಡ.

"ನೋಡಿದೇನಲೇ?" ಎಂದು ಮಡೆಪ್ಪ ನನ್ನ ಕಡೆ ತಿರುಗಿದ. ಆಮೇಲೆ ಅವನ ಬಾಯಿ ತೆರೆಯಿತು, ಉಸಿರು ಒಳಗೆ ಹೋಗಲಿಲ್ಲ. ಬಡಿಗೆಯನ್ನು ಹಿಡಿದುಕೊಂಡೇ ಕೆಳಗೆ ಜಾರಿದ. ಆಸ್ಪತ್ರೆ ಮುಟ್ಟುವ ಮೊದಲೇ ಮುಗಿದಿತ್ತು.

ಅನೀಲಕುಮಾರ ಆಸ್ಪತ್ರೆಯ ಬಾಗಿಲಲ್ಲೇ ನನ್ನ ಅಂಗಿ ಹಿಡಿದ. "ಆ ಬಡಿಗಿ ಯಾಕ ತಂದ್ರಿ ಕಾಕಾ? ಅಪ್ಪ ಎದ್ದ, ಅದಕ್ಕೇ ಹೋದ!"

ಡಾಕ್ಟರ್ ಬದ್ರೋದ್ದೀನರು ಅವನ ಕೈ ಬಿಡಿಸಿದರು. "ಎದ್ದಿದ್ದಕ್ಕ ಅಲ್ರಿ. ಕುಂತು ಕುಂತು ಕಾಲಾಗ ರಕ್ತ ಹೆಪ್ಪುಗಟ್ಟಿತ್ತು. ಅದು ಹರದು ಶ್ವಾಸಕೋಶಕ್ಕ ಹೋಗಿ ಸಿಕ್ಕಿಬಿತ್ತು. ಒಂದೇ ಕಾಲು ಬಾತಾಗ ನನ್ನ ಕಡಿ ತರಬೇಕಾಗಿತ್ರಿ. ಅದನ್ನ ತಿಕ್ಕಬಾರದಿತ್ತು."

ಅನೀಲಕುಮಾರ ತನ್ನ ಎರಡೂ ಅಂಗೈ ನೋಡಿಕೊಂಡ. ಆಮೇಲೆ ಅವನ್ನು ಎಲ್ಲಿಡಬೇಕೆಂದು ತಿಳಿಯದವನ ಹಾಗೆ ನಿಂತ.

ಹೆಣವನ್ನು ಊರಿಗೆ ತಂದೆವು. ಅಪ್ಪನನ್ನು ಅವನ ಕುರ್ಚಿಯಲ್ಲೇ ಕೂರಿಸಬೇಕೆಂದು ಮಗ ಅದನ್ನೂ ಗಾಡಿಯಲ್ಲಿ ಹಾಕಿಸಿದ್ದ. ಹಿರಿಯರು ಕುರ್ಚಿಯನ್ನು ಗೋಡೆಗೆ ಹಚ್ಚಿ, ಎದೆಗೆ ಕಟ್ಟುವ ಬಟ್ಟೆ ಹಿಡಿದು ಬಂದರು. ಅಷ್ಟು ಹೊತ್ತು ಅತ್ತಿರದ ಸಖುಬಾಯಿ ಎದ್ದು ಕುರ್ಚಿಗೆ ಅಡ್ಡ ನಿಂತಳು.

"ಬ್ಯಾಡ್ರಿ. ಅವರು ಎದ್ದಾರ. ಮತ್ತ ಕುಂದ್ರಸಬ್ಯಾಡ್ರಿ."

"ಹಂಗಂದರ ಹ್ಯಾಂಗ ಸಖುಬಾಯಿ? ತೆಗ್ಗು ಕುಂದರಸಲಾಕ ಅಂತ ಅಗದೀವಿ."

"ಉದ್ದ ಅಗೀರಿ."

ಹಿರಿಯರು ಅನೀಲಕುಮಾರನ ಮುಖ ನೋಡಿದರು. ಅವನು ಸನಿಕೆ ತೆಗೆದುಕೊಂಡು ಹೊಲದ ಕಡೆ ನಡೆದ. ನಮ್ಮದು ಕೆಂಪು ಕಲ್ಲಿನ ನೆಲ. ನಾಲ್ಕು ಸಲ ಹೊಡೆಯುವುದರೊಳಗೆ ಅವನಿಗೆ ದಮ್ಮು ಹತ್ತಿತು. ಒಂದು ಕೈ ಸೊಂಟಕ್ಕೆ ಹೋಯಿತು. ಅಪ್ಪ ಆಟೋ ಹತ್ತುವಾಗ ಹಿಡಿದುಕೊಂಡಿದ್ದ ಜಾಗ ಅದೇ. ಯಾರೋ ಮನೆಯಿಂದ ಆ ಕುರ್ಚಿ ಹೊತ್ತು ತಂದು ತಗ್ಗಿನ ಪಕ್ಕದಲ್ಲಿಟ್ಟರು.

"ಜರಾ ಕುಂದ್ರು ತಮ್ಮಾ. ನಾವು ಅಗೀತೀವಿ."

ಅವನು ಕುರ್ಚಿ ನೋಡಿದ, ಬಡಿಗೆಗೆ ಆನಿಕೊಂಡು ನಿಂತಿದ್ದ ನನ್ನನ್ನು ನೋಡಿದ.

"ಇನ್ನ ಎಷ್ಟು ಬೇಕು ಕಾಕಾ?"

ತಗ್ಗಿಗೆ ಬಡಿಗೆ ಹಿಡಿದು ಅಳೆದೆ. "ಇನ್ನೊಂದು ಮೊಳ. ನಿಮ್ಮಪ್ಪ ಉದ್ದನ್ನ ಆಳು," ಅಂದೆ.

ಅವನು ಮತ್ತೆ ಸನಿಕೆ ಎತ್ತಿದ.