ಪರದೆಯ ಗವಿಯಲ್ಲಿ ಬೀರೋಬಾ

ಅಂಬಾದಾಸನ ಕಣ್ಣು ಕೆಂಪಗಾಗಿ ತಿಂಗಳಾಗಿತ್ತು. ಸೊಲ್ಲಾಪುರದ ಬಾಡಿಗೆ ಕೋಣೆಯಲ್ಲಿ, ಪಕ್ಕದ ಮಗ್ಗಗಳ ಖಟಖಟದ ನಡುವೆ, ಅವನು ಮೊಬೈಲ್ ಆಟಗಳಿಗೆ ಗವಿ, ಗುಡ್ಡ ಮಾಡುತ್ತಿದ್ದ. ಮಾಡುವುದೇನು ಬಂತು! ಫ್ರ್ಯಾಕ್ಟಲ್ ಅಂತ ಒಂದು ಗಣಿತ. ಸೂತ್ರ ಕೊಟ್ಟರೆ ತಾನೇ ಬೆಳೆಯುತ್ತದೆ. ಗವಿಯೊಳಗೆ ಗವಿ, ಅದರೊಳಗೆ ಮತ್ತೆ ಅಂಥದೇ ಗವಿ. ನೋಡಲು ಸ್ವರ್ಗ, ಕಾಲಿಡಲು ಮಾತ್ರ ನೆಲವಿಲ್ಲ. ಮೊಬೈಲಿಗೆ ಹೊರಲಾರದ ಭಾರ ಬೇರೆ. ಅದನ್ನು ಬೋಳಿಸಿ, ತೂತು ಮುಚ್ಚಿ, ಆಡುವವರು ನಡೆಯುವಂತೆ ನೆಲ ಹಾಸುವ ಕತ್ತೆಚಾಕರಿ ಇವನದು.

ತಂದೆ ಮರೆಪ್ಪ ಮಂದ್ರೂಪದಲ್ಲಿ ಕುರಿ ಕಾಯ್ದವನು, ಕುರಿಗಾರರ ದೇವರು ಬೀರೋಬಾನ ಭಕ್ತ. ಮೊಣಕಾಲು ಸೋತ ಮೇಲೆ ಮಗನ ಬಳಿ ಬಂದಿದ್ದ. ಒಂದು ಮುಂಜಾನೆ ಮಗನ ಕಂಪ್ಯೂಟರ್ ಪರದೆಯ ಗವಿಯ ಮೂಲೆಯಲ್ಲಿ ಒಂದು ಗೂಡು ಕಂಡು ದಡಕ್ಕನೆ ಎದ್ದುನಿಂತ. ಗೂಡಿನ ನಡುವೆ ಒಂದು ಗುಂಡುಕಲ್ಲು.

“ಬೀರೋಬಾ ಕುಂತಾನಲ್ಲೋ ಇಲ್ಲಿ!” ಎಂದವನೇ ಸೊಂಟದ ಚೀಲದಿಂದ ಅರಿಶಿನದ ಭಂಡಾರ ತೆಗೆದು ಎರಚಿಯೇಬಿಟ್ಟ. ಕೀಬೋರ್ಡೆಲ್ಲ ಹಳದಿ.

“ಅಪ್ಪಾ, ಅದು ಲೆಕ್ಕದಾಗ ಹುಟ್ಟಿದ ಕಲ್ಲು.”

“ಯಾರೂ ಕೆತ್ತಲಾರ್ದ ತಾನಾ ಹುಟ್ಯಾನ ಅಂದ್ರ ಮತ್ಯಾರೋ ಅಂವಾ?”

ಅಂದಿನಿಂದ ಮುದುಕ ದಿನಾ ಮೈ ತೊಳೆದು ಬಂದು ಪರದೆಗೆ ಕೈಮುಗಿಯತೊಡಗಿದ. ಆಮೇಲೇ ಚಹಾ.

ಪುಣೆಯ ಕಂಪನಿ ಮಾತ್ರ ಗವಿಯನ್ನು ಮತ್ತೆ ಮತ್ತೆ ವಾಪಸು ಕಳಿಸಿತು. ಫೋನು ಬಿಸಿಯಾಗುತ್ತದೆ, ಇನ್ನೂ ಇಳಿಸು. ಗೋಡೆ ಬೋಳಿಸಿದ, ಛಾವಣಿ ಬೋಳಿಸಿದ. ಉಳಿದದ್ದು ಆ ಗೂಡೊಂದೇ. ಈ ಸಲವೂ ಆಗದಿದ್ದರೆ ಕೆಲಸ ಬೇರೆಯವರಿಗೆ ಎಂದರು. ಅಂಬಾದಾಸನಿಗೆ ಸಾಕುಸಾಕಾಗಿತ್ತು. ಮುದುಕ ಅಕ್ಕಲಕೋಟದ ಮಗಳ ಮನೆಗೆ ಹೋದ ದಿನ ಗೂಡು ಅಳಿಸಿ ಮಟ್ಟಸ ಬಂಡೆ ಕೂರಿಸಿದ. ಹಳೆಯದನ್ನು ಇಟ್ಟುಕೊಳ್ಳಲು ಕಂಪ್ಯೂಟರಿನಲ್ಲಿ ಜಾಗವಿರಲಿಲ್ಲ. ಸಂಜೆಗೇ ಕಂಪನಿಯ ಒಪ್ಪಿಗೆ ಬಂತು.

ಮರುದಿನ ಮರೆಪ್ಪ ಮುಷ್ಟಿಯಲ್ಲಿ ಭಂಡಾರ ಹಿಡಿದು ಬಂದ. ಬೋಳು ಬಂಡೆ ನೋಡಿದ.

“ಎಬ್ಬಿಸಿದೇನು?”

“ಕಂಪನಿಯವರು ಬ್ಯಾಡಂದ್ರು, ಅಪ್ಪಾ.”

“ಅವರನ್ನ ಕೇಳಿದಿ. ಅವನನ್ನ ಕೇಳಿದೇನು?”

ಅಂಬಾದಾಸ ಕುರ್ಚಿಯಿಂದ ಎದ್ದ. ದೇವರನ್ನು ಎಬ್ಬಿಸುವ ಮುನ್ನ ಅಪ್ಪಣೆ ಕೇಳಬೇಕೆಂಬುದು ಅವರ ಮನೆಯಲ್ಲಿ ಕೂಸಿಗೂ ಗೊತ್ತು. ಇವನು ತಿಂಗಳಿಡೀ ಪುಣೆಯ ಒಪ್ಪಿಗೆಗಾಗಿ ಕಾದಿದ್ದ, ಅಷ್ಟೇ.

“ತಪ್ಪಾತು, ಅಪ್ಪಾ” ಎಂದ.

ಮುದುಕ ತನ್ನ ಮುಷ್ಟಿ ನೋಡಿಕೊಂಡ. ತೆಗೆದ ಭಂಡಾರವನ್ನು ಮರಳಿ ಚೀಲಕ್ಕೆ ಹಾಕುವ ಪದ್ಧತಿಯಿಲ್ಲ. ಅಷ್ಟನ್ನೂ ಮಗನ ಹಣೆಗೆ ಬಳಿದ.

“ಹೋಗ್ಲಿ ಬಿಡು. ಕಣ್ಣು ಹೆಂಗಾಗ್ಯಾವ ನೋಡು. ನೀನರ ಮಲ್ಕೊ.”