ಅಗಲ ಬಾಯಿಯ ಟೇಬಲ್ಲಿನ ನೂರಾ ಹನ್ನೆರಡು

ನಮ್ಮ ಕಡೆ ಯಾವುದಕ್ಕೆ ಕೊರತೆ ಇದ್ದರೂ ದಾಖಲೆಗಳಿಗೆ ಇಲ್ಲ. ಅತಿ ಉದ್ದದ ಹೋಳಿಗೆ, ಅತಿ ಭಾರದ ಹೂಮಾಲೆ, ಅತಿ ಹೆಚ್ಚು ಹೊತ್ತಿನ ಭಾಷಣ, ಎಲ್ಲವನ್ನೂ ನಾನು ಬರೆದಿದ್ದೇನೆ. ಅಣ್ಣಿಗೇರಿಯಿಂದ ಪತ್ರಿಕೆಗೆ ಸುದ್ದಿ ಕಳಿಸಲು ಶುರುಮಾಡಿ ಇಪ್ಪತ್ತು ವರ್ಷ ದಾಟಿತು. ಇಷ್ಟು ದಾಖಲೆಗಳಲ್ಲಿ ಒಂದಕ್ಕಾದರೂ ಅಳತೆಪಟ್ಟಿ ಹಿಡಿದುಕೊಂಡು ಬಂದವರನ್ನು ನೋಡಿಲ್ಲ. ಶಾಲು ಹಿಡಿದುಕೊಂಡು ಬಂದವರನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ. ಇವುಗಳಲ್ಲೆಲ್ಲ ನನಗೆ ಹೆಚ್ಚು ಹೇಸಿಕೆ ಹುಟ್ಟಿಸಿದ್ದು ಸ್ಟೇಷನ್ ರಸ್ತೆಯ ಪೂಲ್ ಶೆಡ್ಡಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ ಒಂದು ಅಂಕಿ, ನೂರಾ ಹನ್ನೆರಡು.

ಆ ಶೆಡ್ಡು ಮೊದಲು ಬೀಜ-ಗೊಬ್ಬರದ ಗೋದಾಮಾಗಿತ್ತು. ಮಾಲೀಕರು ಹೊಲ-ಮನೆ ಇದ್ದ ಕುಳ. ಊರೆಲ್ಲ ಅವರನ್ನು ಗೌಡ್ರ ಎಂದೇ ಕರೆಯುತ್ತದೆ. ಹುಬ್ಬಳ್ಳಿಯಲ್ಲಿ ಯಾರೋ ಬೇಡವೆಂದು ಮಾರಿದ ಪೂಲ್ ಟೇಬಲ್ಲನ್ನು ಅವರು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು ಅಲ್ಲಿ ನಿಲ್ಲಿಸಿದರು. ಹಸಿರು ಬಟ್ಟೆ ಹೊದಿಸಿದ ಕಲ್ಲಿನ ಹಾಸು, ಸುತ್ತ ರಬ್ಬರಿನ ಅಂಚು, ಆರು ಪಾಕೆಟ್ಟು. ಆಟ ಸರಳ. ಉದ್ದನೆಯ ಸ್ಟಿಕ್ಕಿನಿಂದ ಬಿಳಿ ಚೆಂಡನ್ನು ಹೊಡೆದು, ಅದರಿಂದ ಬಣ್ಣದ ಚೆಂಡುಗಳನ್ನು ಪಾಕೆಟ್ಟಿಗೆ ಕೆಡವಬೇಕು. ಹದಿನೈದರಲ್ಲಿ ಒಂದು ಉಳಿದಾಗ ಬಿದ್ದ ಹದಿನಾಲ್ಕನ್ನು ಮತ್ತೆ ಜೋಡಿಸಿ ಆಟ ಮುಂದುವರಿಸುತ್ತಾರೆ. ತಪ್ಪುವ ತನಕ ಎಷ್ಟು ಬಿದ್ದವೋ ಅದೇ ಆಟಗಾರನ ಲೆಕ್ಕ.

ಆದರೆ ಟೇಬಲ್ಲು ಹೇಗಿತ್ತು ಎಂದು ಹೇಳದೆ ಲೆಕ್ಕ ಹೇಳುವುದು, ಎಷ್ಟು ಎಕರೆ ಎಂದು ಹೇಳದೆ ಎಷ್ಟು ಚೀಲ ಬೆಳೆದೆ ಎಂದು ಹೇಳಿದ ಹಾಗೆ. ಬಟ್ಟೆ ಹೊಸದೋ ಹಳೆಯದೋ, ಅದರ ಮೇಲೆ ಧೂಳಿದೆಯೋ ಇಲ್ಲವೋ, ಪಾಕೆಟ್ಟಿನ ಬಾಯಿ ಎಷ್ಟು ಅಗಲ, ಹಾಸು ಮಟ್ಟಸವಾಗಿದೆಯೋ ವಾಲಿದೆಯೋ, ಇವು ನಾಲ್ಕು ಗೊತ್ತಾಗದೆ ಆ ಅಂಕಿಗೆ ಅರ್ಥವಿಲ್ಲ. ಈ ಮಾತನ್ನು ನನಗೆ ಕಲಿಸಿದವರು ಅರಳೆ ತುಂಬಿ ಗಾದಿ ಹೊಲಿಯುವ ಒಬ್ಬರು. ಊರಿನವರಿಗೆ ಅವರು ಚಾಚಾ.

ಚಾಚಾನ ಅಂಗಡಿ ಶೆಡ್ಡಿನ ಎದುರಿಗೇ. ಟೇಬಲ್ಲಿನ ಬಟ್ಟೆ ಹರಿದರೆ ಹೊಲಿಯುವ ಕೆಲಸ ಸಹಜವಾಗಿಯೇ ಅವರ ಪಾಲಿಗೆ ಬಂದಿತ್ತು. ತೇಪೆ ಹಾಕಿದ ಮೇಲೆ ಅವರಿಗೊಂದು ಪದ್ಧತಿ ಇತ್ತು. ತಾವೇ ಸ್ಟಿಕ್ ಹಿಡಿದು ತಪ್ಪುವ ತನಕ ಆಡಿ ನೋಡುವುದು. ಚೆಂಡು ತೇಪೆಯ ಮೇಲೆ ಜಿಗಿಯಿತೆಂದರೆ ಹೊಲಿಗೆ ಬಿಚ್ಚಿ ಮತ್ತೆ ಹೊಲಿಯುವುದು. ಅವರ ಹೊಡೆತ ಮೆತ್ತಗೆ. ಚೆಂಡು ಪಾಕೆಟ್ಟಿನ ತುಟಿಯ ತನಕ ನಡೆದುಕೊಂಡು ಹೋಗಿ ಒಳಗೆ ಇಳಿಯುತ್ತಿತ್ತು.

ಒಂದು ಮಧ್ಯಾಹ್ನ ಬಸ್ಸು ತಪ್ಪಿ ನಾನು ಶೆಡ್ಡಿನ ಬೆಂಚಿನ ಮೇಲೆ ಕೂತಿದ್ದೆ. ಚಾಚಾ ತೇಪೆ ಮುಗಿಸಿ ಆಡಲು ನಿಂತರು. ಹತ್ತಾಯಿತು, ಹದಿನಾಲ್ಕಾಯಿತು, ಚೆಂಡು ಜೋಡಿಸಿದರು. ಸುಮ್ಮನೆ ಕೂತ ನಾನು ಎಣಿಸಲು ಶುರುಮಾಡಿದೆ. ಇಪ್ಪತ್ತೆಂಟು ದಾಟಿದ ಮೇಲೆ ನನ್ನ ದನಿ ತಾನಾಗಿಯೇ ಏರಿತು, ಜನ ಕೂಡಿದರು. ನಲವತ್ತೊಂದಕ್ಕೆ ಶೆಡ್ಡಿನಲ್ಲಿ ಕೂಗೆದ್ದಿತು. ಆಟ ಅಲ್ಲಿಗೆ ಮುಗಿಯಿತು. ಗೌಡ್ರು ಬಂದು ಚಾಚಾನ ಬೆನ್ನು ತಟ್ಟಿ, ಗೋಡೆಯ ಮೇಲೆ ಅಂಕಿ ಬರೆಸಿದರು. ನಾನು ಅದನ್ನು ಸುದ್ದಿ ಮಾಡಲಿಲ್ಲ. ಪೂಲ್ ಶೆಡ್ಡಿನ ಆಟ ಒಂದು ಸುದ್ದಿಯೇ ಎನಿಸಿತ್ತು. ಆಗ ಆ ಟೇಬಲ್ಲಿನ ಪಾಕೆಟ್ಟಿನ ಬಾಯಿಗೆ ಎರಡು ಚೆಂಡು ಒಟ್ಟಿಗೆ ಇಟ್ಟರೆ ಎರಡೂ ಸಿಕ್ಕಿಕೊಂಡು ನಿಲ್ಲುತ್ತಿದ್ದವು, ಒಳಗೆ ಹೋಗುತ್ತಿರಲಿಲ್ಲ.

ಅಂಥ ಟೇಬಲ್ಲು ನಮ್ಮ ಊರಿಗೆ ಹಿಡಿಸಲಿಲ್ಲ. ಬೈಕಿನ ಮೇಲೆ ಬರುವ ಗಿರಾಕಿಗಳಿಗೆ ಹೊಡೆದದ್ದೆಲ್ಲ ಬೀಳಬೇಕಿತ್ತು. ಬೀಳದಿದ್ದರೆ ತಪ್ಪು ತಮ್ಮದಲ್ಲ, ಟೇಬಲ್ಲಿನದು. ಗೌಡ್ರು ಚಾಚಾನನ್ನು ಕರೆಸಿದರು.

“ಚಾಚಾ, ಬಾಯಿ ಸ್ವಲ್ಪ ಅಗಲ ಮಾಡಿ ಕೊಡ್ರಿ. ಮಂದಿ ಬ್ಯಾಸರ ಮಾಡ್ಕೊಳ್ಳಾಕತ್ತಾರ.”

“ರಬ್ಬರ್ ಕೊಯ್ದ್ರ ಮತ್ತ ಕೂಡಾಂಗಿಲ್ರಿ, ಗೌಡ್ರ.”

“ಕೂಡಸಂತ ಯಾರು ಅಂದ್ರು?”

“ಕೊಯ್ತೀನಿ ಬಿಡ್ರಿ. ಖರೇ, ಗ್ವಾಡಿ ಮ್ಯಾಲ ಒಂದು ಮಾತು ಬರಸ್ರಿ. ನಂದು ಸಣ್ಣ ಬಾಯಿ ಇದ್ದಾಗಿಂದು ಅಂತ.”

“ಆತು, ಬರಸೂಣು. ಅದಕ್ಕೇನ್ರಿ.”

ಅವರು ಕೊಯ್ದರು. ತಮ್ಮ ಅಂಕಿಯ ಬೆಲೆ ಕಳೆಯುವ ಆ ಕೆಲಸವನ್ನು ಗಾದಿಯ ಅಂಚು ತಿರುವಿದಷ್ಟೇ ಶಿಸ್ತಿನಿಂದ ಮಾಡಿದರು. ಒಂದೊಂದು ಬಾಯಿಗೂ ಒಂದೇ ಓರೆ, ಒಂದೇ ಅಳತೆ. ಈಗ ಎರಡು ಚೆಂಡು ಒಟ್ಟಿಗೆ ಇಟ್ಟರೆ ನಡುವೆ ಬೆರಳೊಂದು ತೂರುವಷ್ಟು ಜಾಗ ಇತ್ತು. ಗೋಡೆಯ ಮೇಲೆ ಗೌಡ್ರು ಏನನ್ನೂ ಬರೆಸಲಿಲ್ಲ.

ಮುಂದಿನ ಮಳೆಗಾಲದಲ್ಲಿ ನೆಲ ತನ್ನ ಕೆಲಸ ಮಾಡಿತು. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ತಗಡಿನ ನೀರು ಬೀಳುವ ಗೋಡೆಯ ಬದಿಗೆ ಶೆಡ್ಡಿನ ನೆಲ ಎದ್ದಿತು, ಅದರ ಕೂಡ ಟೇಬಲ್ಲಿನ ಎರಡು ಕಾಲೂ ಎದ್ದವು. ಮೆತ್ತಗೆ ಬಿಟ್ಟ ಚೆಂಡು ಬಾಗಿಲ ಕಡೆಯ ಮೂಲೆಯ ಪಾಕೆಟ್ಟಿಗೆ ತಾನಾಗಿಯೇ ಹೊರಳಿ ಬೀಳತೊಡಗಿತು. ಎಮ್ಮೆ ಹೊತ್ತು ಮುಳುಗಿದಾಗ ಮನೆಗೆ ಹೋದಂತೆ. ಕಾಲಿನ ಕೆಳಗೆ ಹಲಗೆ ಕೊಟ್ಟು ಮಟ್ಟ ಮಾಡಿಸಿರಿ ಎಂದು ಚಾಚಾ ಹೇಳಿದರೆ ಗೌಡ್ರು ನಕ್ಕರು. “ಮಂದಿಗೆ ಹಿಂಗಽ ಚಲೋ ಅನಸೇತಿ. ನೀವ್ಯಾಕ ಅದರ ಬೆನ್ನ ಹತ್ತೀರಿ?”

ಆ ಸ್ಥಿತಿಯ ಟೇಬಲ್ಲಿನ ಮೇಲೆ ಗೌಡ್ರ ತಂಗಿಯ ಮಗ ನೂರಾ ಹನ್ನೆರಡು ಚೆಂಡು ಹಾಕಿದ. ಮೂವತ್ತರ ಆಸುಪಾಸಿನ ಗಂಡಸು, ಟ್ರ್ಯಾಕ್ಟರ್ ಬಿಡಿಭಾಗದ ವ್ಯಾಪಾರ, ಕೊರಳಲ್ಲಿ ದಪ್ಪ ಸರ. ಆಟವಾಡುವುದಕ್ಕಿಂತ ಹೆಚ್ಚು ಆಟದ ವಿಡಿಯೊ ತೋರಿಸುವವನು. ಜಿಲ್ಲೆಯ ದಾಖಲೆ ಎಂದು ಅವನೇ ಘೋಷಿಸಿದ. ಜಿಲ್ಲೆಯಲ್ಲಿ ಯಾರೂ ಇಂಥ ದಾಖಲೆ ಇಡುವುದಿಲ್ಲವಾದ್ದರಿಂದ ಅಲ್ಲವೆನ್ನುವವರೂ ಇರಲಿಲ್ಲ. ಸನ್ಮಾನ ಗೊತ್ತಾಯಿತು. ನನಗೆ ಕರೆ ಬಂದಿತು.

ನಾನು ಆ ಆಟದ ವಿಡಿಯೊವನ್ನು ಮೂರು ಸಲ ಪೂರ್ತಿ ನೋಡಿದೆ. ಬಿದ್ದ ಚೆಂಡುಗಳಲ್ಲಿ ಅರ್ಧಕ್ಕೂ ಹೆಚ್ಚು ಬಾಗಿಲ ಕಡೆಯ ಆ ಒಂದೇ ಮೂಲೆಗೆ ಬಿದ್ದಿದ್ದವು. ಕೆಲವು ಹೊಡೆತಗಳಲ್ಲಿ ಚೆಂಡು ನೇರ ಅಂಚಿಗೆ ಬಡಿದು, ನಾಚಿಕೆಯಿಲ್ಲದೆ ಒಳಗೆ ಸರಿಯುತ್ತಿತ್ತು. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದ ಗೌಂಡಿಯನ್ನು ಕರೆದುಕೊಂಡು ಹೋದೆ. ಮಟ್ಟ ನೋಡಲು ಅವನ ಬಳಿ ನೀರು ತುಂಬಿದ ಉದ್ದನೆಯ ಪ್ಲಾಸ್ಟಿಕ್ ನಳಿಕೆ ಇತ್ತು. ಅದರ ಒಂದು ತುದಿ ಗೋಡೆಯ ಕಡೆ, ಇನ್ನೊಂದು ಬಾಗಿಲ ಕಡೆ ಹಿಡಿದ. ನೀರಿನ ಮಟ್ಟಕ್ಕೆ ಹಾಸನ್ನು ಹೋಲಿಸಿದರೆ ಎರಡು ಕಡೆಗೂ ಒಂದು ಬೆರಳಿನ ದಪ್ಪದಷ್ಟು ಫರಕು ಇತ್ತು.

“ಇದರ ಮ್ಯಾಲ ನಾ ಇಟ್ಟಂಗಿ ಸೈತ ಇಡಾಂಗಿಲ್ರಿ,” ಎಂದ ಗೌಂಡಿ.

ತಂಗಿಯ ಮಗ ಸರ ಸರಿಪಡಿಸಿಕೊಂಡ. “ಮಾಮಾ, ಇಲ್ನೋಡ್ರಿ, ಪೇಪರಿನವ್ರು ಗೌಂಡಿನ್ನ ಕರಕೊಂಡ ಬಂದಾರ. ನಾ ಏನ್ ಮನಿ ಕಟ್ಟೀನೇನ್ರಿ, ಸರ?”

ಎಲ್ಲರೂ ನಕ್ಕರು. ಗೌಡ್ರು ನನ್ನ ಹೆಗಲ ಮೇಲೆ ಕೈ ಇಟ್ಟು, “ಫೋಟೊ ಹುಡುಗಂದು ಹಾಕ್ರಿ, ಪೈಪಿಂದು ಬ್ಯಾಡ,” ಎಂದರು.

ನಾನು ಸುದ್ದಿಯನ್ನು ಎರಡು ಪ್ಯಾರಾದಲ್ಲಿ ಕಳಿಸಿದೆ. ಮೊದಲನೆಯದರಲ್ಲಿ ನೂರಾ ಹನ್ನೆರಡು ಹಾಕಿದ್ದಾಗಿ ಆಟಗಾರ ಹೇಳಿಕೊಂಡದ್ದು. ಎರಡನೆಯದರಲ್ಲಿ ಅಗಲ ಮಾಡಿದ ಪಾಕೆಟ್ಟು, ವಾಲಿದ ಹಾಸು, ಸಣ್ಣ ಬಾಯಿಯ ಕಾಲದ ನಲವತ್ತೊಂದು. ಮರುದಿನ ಪುಟದಲ್ಲಿ ಜಾಹೀರಾತು ಹೆಚ್ಚಾಗಿತ್ತು, ಮೊದಲ ಪ್ಯಾರಾ ಮಾತ್ರ ಬಂದಿತು. ಅದರಲ್ಲೂ ‘ಹೇಳಿಕೊಂಡಿದ್ದಾರೆ’ ಎಂಬುದು ‘ಸಾಧಿಸಿದ್ದಾರೆ’ ಆಗಿತ್ತು. ಸುದ್ದಿ ತಿದ್ದುವ ಡೆಸ್ಕಿನವರನ್ನು ಬೈದು ಉಪಯೋಗವಿಲ್ಲ. ಜಾಗ ಕಡಿಮೆ ಬಿದ್ದರೆ ಸುದ್ದಿಯನ್ನು ಬಾಲದಿಂದ ಕತ್ತರಿಸುತ್ತಾರೆ ಎಂಬುದು ಈ ಕಸುಬಿನ ಮೊದಲ ಪಾಠ. ನಿಜವನ್ನು ಬಾಲದಲ್ಲಿ ಇಟ್ಟವನು ನಾನು.

ಸನ್ಮಾನದ ದಿನ ಶಾಲು, ಪೇಟ, ಹಣ್ಣಿನ ಬುಟ್ಟಿ, ನಾಲ್ಕು ಭಾಷಣ. ಪೂಲ್ ಎಂದರೆ ಈಜುಕೊಳ ಎಂದು ತಿಳಿದಿದ್ದ ಒಬ್ಬರು ನೀರಿನ ಮಹತ್ವದ ಬಗ್ಗೆಯೂ ಮಾತಾಡಿದರು. ಅದಾದ ಮೇಲೆ ಯಾರಿಗೋ ಚಾಚಾನ ನೆನಪಾಯಿತು. ಅಂಗಡಿಯಿಂದ ಕರೆತಂದು ಕೈಗೆ ಸ್ಟಿಕ್ ಕೊಟ್ಟರು. ಬೇಡವೆಂದರೂ ಕೇಳಲಿಲ್ಲ.

ಚಾಚಾ ಎಂದಿನಂತೆ ಮೆತ್ತಗೆ ಹೊಡೆದರು. ವಾಲಿದ ಹಾಸಿನ ಮೇಲೆ ಆಡುವಾಗ ಜೋರಾಗಿ ಬಾರಿಸಬೇಕು, ಆಗ ಚೆಂಡಿಗೆ ದಾರಿ ತಪ್ಪಲು ಪುರಸೊತ್ತು ಸಿಗುವುದಿಲ್ಲ. ತಂಗಿಯ ಮಗ ಹಾಗೆಯೇ ಆಡುತ್ತಿದ್ದ, ಬಾಗಿಲ ಮೂಲೆಯೊಂದನ್ನು ಬಿಟ್ಟು. ಚಾಚಾನ ಕೈಗೆ ಅದು ಒಗ್ಗಿರಲಿಲ್ಲ. ಐದು ಚೆಂಡು ಬಿದ್ದವು. ಆರನೆಯದು ಗೋಡೆಯ ಕಡೆಯ ಪಾಕೆಟ್ಟಿನ ತನಕ ಹೋಗಿ, ಯೋಚಿಸಿದಂತೆ ನಿಂತು, ಹಿಂದಕ್ಕೆ ಹೊರಳಿತು.

“ಚಾಚಾ, ನಲ್ವತ್ತೊಂದ ಎಲ್ಲಿ ಇಟ್ಟೀರಿ, ಗಾದ್ಯಾಗೇನ್ರಿ?” ಎಂದು ಗುಂಪಿನಲ್ಲಿ ಒಬ್ಬ ಕೂಗಿದ.

“ಅರಳಿ ಕೂಡ ಹೊಲದ ಬಿಟ್ಟಾರಲೇ!” ಎಂದ ಇನ್ನೊಬ್ಬ.

“ಅವತ್ತು ಎಣಿಸಿದವನು ನಾನು,” ಎಂದು ನಾನು ಎದ್ದು ನಿಂತು ಹೇಳಿದೆ.

“ಪೇಪರಿನ್ಯಾಗ ಬಂದೇತೇನ್ರಿ, ಸರ?” ಎಂದ ತಂಗಿಯ ಮಗ.

ಬಂದಿರಲಿಲ್ಲ. ವಾರದೊಳಗೆ ಗೋಡೆಗೆ ಸುಣ್ಣ ಬಳಿಸಿ, ನೂರಾ ಹನ್ನೆರಡನ್ನು ಮಾತ್ರ ಬರೆಸಿದರು.

ಇದು ಇಷ್ಟಕ್ಕೇ ನಿಂತಿದ್ದರೆ ನಾನು ಮರೆಯುತ್ತಿದ್ದೆ. ಗಾದಿ ಹೊಲಿಯುವವನ ಬಂಡವಾಳ ಅವನ ಮಾತು. ಜನ ತಮ್ಮ ಮನೆಯ ಅರಳೆ ತಂದು ಸುರಿದು ಹೋಗುತ್ತಾರೆ. ಹೊಲಿಗೆ ಮುಚ್ಚಿದ ಮೇಲೆ ಒಳಗೆ ಎಷ್ಟು ಹೋಯಿತು, ಯಾವುದು ಹೋಯಿತು ಎಂದು ನೋಡುವವರಿಲ್ಲ. ಚಾಚಾ ಇಷ್ಟೆಂದರೆ ಇಷ್ಟು. ಸನ್ಮಾನದ ನಂತರದ ಸಂತೆಯ ದಿನ, ಮಗಳ ಮದುವೆಗೆ ನಾಲ್ಕು ಗಾದಿ ಹೊಲಿಸಿದ್ದ ಒಬ್ಬ ಕಡಲೆ ವ್ಯಾಪಾರಿ ತೂಕದ ಕಾಟಾ ತಂದು ಅಂಗಡಿಯ ಮುಂದೆ ಇಳಿಸಿದ. ನಾನು ಎದುರಿಗೇ ಚಹಾ ಕುಡಿಯುತ್ತಿದ್ದೆ.

“ತಪ್ಪ ತಿಳೀಬ್ಯಾಡ್ರಿ, ಚಾಚಾ. ಮಂದಿ ಏನೇನೋ ಅನ್ನಾಕತ್ತಾರ. ಚೆಂಡಿನ ಲೆಕ್ಕಾ ಹಂಗ, ಅರಳಿ ಲೆಕ್ಕಾ ಹೆಂಗೋ ಅಂತ.”

ಚಾಚಾ ತಾವೇ ಒಂದೊಂದಾಗಿ ಗಾದಿ ಎತ್ತಿ ಕಾಟಾದ ಮೇಲಿಟ್ಟರು. ತೂಕ ಬರೋಬ್ಬರಿ ಇತ್ತು. ವ್ಯಾಪಾರಿ ಖುಷಿಯಾಗಿ, ತಾನೇ ಉಪಕಾರ ಮಾಡಿದವನಂತೆ ಅವರ ಕೈ ಕುಲುಕಿ ಹೋದ. ಮೂವತ್ತು ವರ್ಷ ಕಾಟಾ ಕಾಣದ ಅಂಗಡಿಯಲ್ಲಿ ಆ ತಿಂಗಳು ಇನ್ನೂ ಇಬ್ಬರು ತೂಕ ಮಾಡಿಸಿದರು. ಒಬ್ಬಳು ಹೊಲಿಗೆಯನ್ನೇ ಬಿಚ್ಚಿಸಿ, ಒಳಗಿನ ಅರಳೆ ತನ್ನದೇ ಹೌದೋ ಅಲ್ಲವೋ ಎಂದು ಕೈ ಹಾಕಿ ನೋಡಿದಳು.

ಆಮೇಲೆ ಒಂದು ಬೆಳಿಗ್ಗೆ ಚಾಚಾ ನನ್ನ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತರು.

“ಸಾಹೇಬ್ರ, ಒಂದು ಕಾಗದಾ ಬರದ ಕೊಡ್ರಿ. ಅವತ್ತು ನೀವು ಕಂಡದ್ದು, ಎಣಸಿದ್ದು. ಬಾಯಿ ಎಷ್ಟಿತ್ತು ಅನ್ನೂದೂ ಇರ್ಲಿ. ಅಂಗಡ್ಯಾಗ ಹಚ್ಚತೀನಿ. ಪೇಪರಿನ್ಯಾಗ ಏನೂ ಬ್ಯಾಡ.”

ಕೊನೆಯ ಮಾತು ನನಗೆ ಸರಿಯಾಗಿಯೇ ತಗುಲಿತು. ಹಾಳೆ ತೆಗೆದುಕೊಂಡು ಬರೆದೆ. ಹಗಲು ಹೊತ್ತು, ತೇಪೆ ಹಾಕಿದ ಹಳೆಯ ಬಟ್ಟೆ, ಮಟ್ಟವಾಗಿದ್ದ ಹಾಸು, ಪಾಕೆಟ್ಟಿನ ಬಾಯಿಗೆ ಎರಡು ಚೆಂಡು ಒಟ್ಟಿಗೆ ಹೋಗುತ್ತಿರಲಿಲ್ಲ, ಒಂದೂ ತಪ್ಪದೆ ನಲವತ್ತೊಂದು ಚೆಂಡು ಬಿದ್ದದ್ದನ್ನು ನಾನು ಕಣ್ಣಾರೆ ಕಂಡು ಎಣಿಸಿದ್ದೇನೆ. ವಿಶೇಷಣ ಒಂದೂ ಇರಲಿಲ್ಲ. ಇಷ್ಟು ಖಚಿತವಾದ ವರದಿಯನ್ನು ನಾನು ಪತ್ರಿಕೆಗೆ ಕಳಿಸಿದ್ದು ಕಡಿಮೆ. ಸಹಿ ಹಾಕುವ ಮೊದಲು ಓದಿ ಹೇಳಿದೆ.

ಚಾಚಾ ತಲೆ ತಗ್ಗಿಸಿ ಕೇಳಿದರು. ಆಮೇಲೆ, “ನಲ್ವತ್ತ ಬರೀರಿ,” ಎಂದರು.

“ನಲವತ್ತೊಂದಲ್ಲವೇನ್ರಿ? ನಾನೇ ಎಣಿಸಿದ್ದು.”

“ನೀವು ಒದರಿದ್ರಿ, ಮಂದಿ ಒದರಿದ್ರು. ಕಡೇ ಚೆಂಡು ಬಿದ್ದಿಂದ ಬಿಳೇದೂ ಹೊಳ್ಳಿಕೋತ ಹೋಗಿ ಆ ಕಡೆ ಪಾಕೀಟಿಗೆ ಬಿತ್ತಲ್ರಿ. ಬಿಳೇದು ಬಿದ್ದ್ರ ಆ ಹೊಡತ ಲೆಕ್ಕಕ್ಕ ಇಲ್ಲ. ನಾ ಅಂದೆ, ಯಾರ ಕಿವಿಗೂ ಬೀಳಲಿಲ್ಲ. ಗ್ವಾಡಿ ಮ್ಯಾಲ ಇದ್ದದ್ದು ಗೌಡ್ರ ಬರಸಿದ್ದು, ಇರ್ಲಿ ಅಂತ ಸುಮ್ನಿದ್ದೆ. ಇದರ ಕೆಳಗ ನಿಮ್ಮ ಸಹಿ ಬರತೈತಿ, ನನ್ನ ಅಂಗಡ್ಯಾಗ ಇರತೈತಿ.”

ನಾನು ಹಾಳೆ ಹರಿದು ಹೊಸದಾಗಿ ಬರೆದೆ. ನಲವತ್ತು. ಎಣಿಸಿದವನಿಂದ ತಪ್ಪಾಗಿತ್ತು, ಆಡಿದವರು ತಿದ್ದಿದರು ಎಂಬ ಸಾಲನ್ನು ಈ ಸಲ ಬಾಲದಲ್ಲಿ ಇಡದೆ ಮೊದಲಿಗೇ ಹಾಕಿದೆ. ಚಾಚಾ ಒಂದು ಸಲ ಓದಿಸಿಕೊಂಡು ಕೇಳಿ, “ಈಗ ಬರೋಬ್ಬರಿ,” ಎಂದು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಬಿಸಿಲಿಗೆ ಅರಳೆ ಹರವಿ ಬಂದಿದ್ದೇನೆ, ಗಾಳಿ ಏಳುವ ಹೊತ್ತಾಯಿತು ಎಂದು ಚಹಾಕ್ಕೂ ನಿಲ್ಲದೆ ಹೋದರು.